ಅಬುಧಾಬಿ ವ್ಯಾನಿನ ಐದು ಹುಡುಗಿಯರು

ಆ ಹಾಡನ್ನು ನಾನು ಮೊದಲು ಕೇಳಿದ್ದು ಮಂಜು ಕವಿದ ಒಂದು ಬೆಳಿಗ್ಗೆ, ಅಬುಧಾಬಿಗೆ ಹೋಗುವ ವ್ಯಾನಿನಲ್ಲಿ ಎಂದು ಬರೆದೆ. ಬರೆದು ಹೊಡೆದುಹಾಕಿದೆ. ಹಾಡು ಬಿಡುಗಡೆಯಾದದ್ದು ಜೂನ್ ತಿಂಗಳ ಸೆಕೆಯಲ್ಲಿ. ಆ ರಸ್ತೆಯಲ್ಲಿ ಮಂಜು ಬೀಳುವುದು ಚಳಿಗಾಲಕ್ಕೆ. ಮಂಜು ಬೇರೆ ಯಾವುದೋ ವರ್ಷದ್ದು. ಆದರೂ ಹಾಡು ನೆನಪಾದಾಗಲೆಲ್ಲ ಗಾಜಿನ ಹೊರಗೆ ಬಿಳಿ ತುಂಬಿಕೊಂಡಿರುತ್ತದೆ, ಮುಂದಿನ ಲಾರಿಯ ಕೆಂಪು ದೀಪ ಮಿಣುಕುತ್ತಿರುತ್ತದೆ. ಇದನ್ನು ಸರಿಪಡಿಸುವಷ್ಟು ಶಕ್ತಿ ನನಗಿಲ್ಲ. ಓದುವವರೇ ಮಂಜನ್ನು ತೆಗೆದು ಸೆಕೆಯನ್ನು ಹಾಕಿಕೊಳ್ಳಬೇಕು.

ಮೊದಲು ಕೇಳಿದ್ದು ಬಹುಶಃ ಆಫೀಸಿನ ಪ್ಯಾಂಟ್ರಿಯಲ್ಲಿ, ಊಟದ ಡಬ್ಬಿಯನ್ನು ಬಿಸಿಗಿಟ್ಟು ನಿಂತಿದ್ದಾಗ. ಕೊರಿಯದಲ್ಲಿ ಸಂಜೆ ಬಿಟ್ಟ ಹಾಡು ನಮಗೆ ಊಟದ ಹೊತ್ತಿಗೆ ತಲುಪುತ್ತದೆ. ಮಗಳಿಗೆ ಶಾಲೆಯಲ್ಲಿ ಫೋನ್ ಇಲ್ಲ. ಆದ್ದರಿಂದ ಬೆಳಿಗ್ಗೆಯೇ ನನ್ನ ಫೋನಿನಲ್ಲಿ ಎಲ್ಲ ಸಿದ್ಧಮಾಡಿ ಕೊಟ್ಟಿದ್ದಳು. ಒಂದು ಗುಂಡಿ ಒತ್ತುವುದಷ್ಟೇ ನನ್ನ ಕೆಲಸ. ಒತ್ತಿದೆ. ಚಪ್ಪಾಳೆಯಂಥ ಸದ್ದು, ಅದರ ಹಿಂದೆ ಯಾರೋ ನೆಲ ಗುದ್ದಿದಂತೆ ಒಂದು ತಾಳ, ಆಮೇಲೆ ಒಬ್ಬಳು ಕಿವಿಯ ಹತ್ತಿರ ಬಂದು ಏನೋ ದೂರು ಹೇಳಿದಂಥ ಧ್ವನಿ. ನನಗೆ ಒಂದು ಪದವೂ ತಿಳಿಯಲಿಲ್ಲ. ಮೈಕ್ರೋವೇವ್ ಕೂಗಿತು. ನಾನು ಚಿತ್ರಾನ್ನ ತೆಗೆದುಕೊಂಡೆ. ಮಗಳಿಗಿಂತ ಮೊದಲು ಆ ಹಾಡನ್ನು ಕೇಳಿದ ಪುಣ್ಯ ಹೀಗೆ ನನ್ನ ಪಾಲಾಯಿತು. ಅದನ್ನು ಅವಳು ಬಹಳ ದಿನ ಹೊಟ್ಟೆಗೆ ಹಾಕಿಕೊಳ್ಳಲಿಲ್ಲ.

ನಾವು ಅಲ್ ಕುಸೈಸ್‌ನಲ್ಲಿದ್ದೇವೆ. ಗಂಡನದು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನ ಒಂದು ಗೋದಾಮಿನಲ್ಲಿ ಸಂಜೆಯ ಪಾಳಿ. ನನ್ನ ಆಫೀಸು ಅಬುಧಾಬಿಯಲ್ಲಿ. ಬೆಳಕು ಹರಿಯುವ ಮೊದಲೇ ಕೆಳಗೆ ಬಂದು ನಿಲ್ಲುವ ವ್ಯಾನಿನಲ್ಲಿ ನಾನು ಹೋಗುತ್ತೇನೆ. ಇದಕ್ಕೆ ಇಲ್ಲಿ ಕಾರ್ ಲಿಫ್ಟ್ ಎನ್ನುತ್ತಾರೆ: ಒಂದೇ ದಿಕ್ಕಿಗೆ ಹೋಗುವ ಕೆಲವರು ಸೇರಿ ತಿಂಗಳಿಗೆಂದು ಗೊತ್ತುಮಾಡಿಕೊಂಡ ಗಾಡಿ. ವರ್ಷಗಟ್ಟಲೆ ಒಟ್ಟಿಗೆ ಹೋಗುತ್ತೇವೆ, ಬರುತ್ತೇವೆ, ನಿದ್ದೆ ಮಾಡುತ್ತೇವೆ. ಒಬ್ಬರ ಗೊರಕೆ ಇನ್ನೊಬ್ಬರಿಗೆ ಗೊತ್ತು, ಮನೆ ಗೊತ್ತಿಲ್ಲ.

ಮಗಳಿಗೆ ಆಗ ಹದಿನೈದು. ಅವಳೂ ಅವಳ ಇಬ್ಬರು ಗೆಳತಿಯರೂ ಚಿಕ್ಕ ತರಗತಿಯಿಂದ ಒಂದೇ ಬೆಂಚು. ಒಬ್ಬಳ ತಂದೆಯ ಕೆಲಸ ಹೋಗಿ ಆ ಮನೆಯವರು ಮೈಸೂರಿಗೆ ಹಿಂದಿರುಗಿದರು. ಮರುವರ್ಷ ಇನ್ನೊಬ್ಬಳ ಮನೆಯವರು ಕೆನಡಾಕ್ಕೆ ಹೊರಟರು. ಇಲ್ಲಿನ ಮಕ್ಕಳಿಗೆ ಇದು ಹೊಸದಲ್ಲ. ಪ್ರತಿ ಮಾರ್ಚಿನಲ್ಲಿ ಕೆಲವರು ಹೋಗುತ್ತಾರೆ, ಏಪ್ರಿಲ್‌ನಲ್ಲಿ ಬೇರೆ ಕೆಲವರು ಬರುತ್ತಾರೆ. ಟೀಚರು ಹಾಜರಿ ಕೂಗುವಾಗ ಯಾರೂ ತಿರುಗಿ ನೋಡುವುದಿಲ್ಲ. ಮಗಳೂ ಅಳಲಿಲ್ಲ. ಅಥವಾ ನಾನು ವ್ಯಾನಿನಲ್ಲಿದ್ದಾಗ ಅತ್ತಿರಬಹುದು.

ಆ ಮೂವರನ್ನು ಇನ್ನೂ ಕಟ್ಟಿಟ್ಟಿದ್ದದ್ದು ಕೊರಿಯದ ಐದು ಹುಡುಗಿಯರ ಒಂದು ಹಾಡುವ ತಂಡ. ಹೆಸರಾಂತ ತಂಡವೇನಲ್ಲ. ಅವರ ಫೋಟೊ, ಸುದ್ದಿ, ಹಾಡಿನ ಅರ್ಥ ಹಾಕಲು ಮೂವರೂ ಸೇರಿ ಒಂದು ಅಕೌಂಟ್ ನಡೆಸುತ್ತಿದ್ದರು. ಮೈಸೂರಿನವಳು ಟ್ಯೂಷನ್ ಮುಗಿಸಿ ಫೋಟೊ ಹಾಕುವಳು, ಕೆನಡಾದವಳು ಎದ್ದಕೂಡಲೇ ಅದಕ್ಕೆ ನಾಲ್ಕು ಸಾಲು ಬರೆಯುವಳು, ನನ್ನ ಮಗಳು ಬಂದವರಿಗೆಲ್ಲ ಉತ್ತರ ಕೊಡುವಳು. ತಂಡದ ಕರಾರು ಆ ವರ್ಷ ಮುಗಿಯುವುದಿತ್ತು. ಹೊಸ ಹಾಡು ಮೊದಲ ವಾರ ಚೆನ್ನಾಗಿ ಓಡಿದರೆ ಕಂಪನಿ ಕರಾರನ್ನು ಮುಂದುವರಿಸುತ್ತದೆ, ಇಲ್ಲದಿದ್ದರೆ ತಂಡ ಮುಗಿಯಿತು ಎಂದು ಅಭಿಮಾನಿಗಳೆಲ್ಲ ನಂಬಿದ್ದರು. ಕಂಪನಿಯವರು ಹಾಗೆ ಎಲ್ಲಿಯೂ ಹೇಳಿರಲಿಲ್ಲ.

"ಮುಗಿದ್ರೆ ಮುಗೀಲಿ ಬಿಡೆ, ಬೇರೆ ತಂಡ ನೋಡಿ" ಎಂದೆ.

"ನಿಂಗೆ ಅರ್ಥ ಆಗಲ್ಲ ಅಮ್ಮ. ಅದು ಹೋದ್ರೆ ನಮ್ಮ ಮೂರು ಜನದ ಹತ್ರ ಏನಿದೆ? ವೆದರ್ ಬಗ್ಗೆ ಮಾತಾಡೋದಾ?"

ಊರಿನಲ್ಲಿರುವ ಅಕ್ಕನ ಜೊತೆ ನಾನು ಮಾತಾಡುವುದು ಹವೆಯ ಬಗ್ಗೆಯೇ.

ಹಾಡನ್ನು ಓಡಿಸುವುದು ಎಂದರೆ ಕೇಳುವುದಷ್ಟೇ ಎಂದು ನಾನು ತಿಳಿದಿದ್ದೆ. ಅಲ್ಲ. ಅದಕ್ಕೆ ಮಡಿ-ಮೈಲಿಗೆಯಂಥ ಕಟ್ಟಳೆಗಳಿವೆ. ಊಟದ ಮೇಜಿನ ಮುಂದೆ ನನ್ನನ್ನು ಕೂರಿಸಿಕೊಂಡು ಮಗಳು ಪಾಠ ಮಾಡಿದಳು. ಒಂದೇ ಹಾಡನ್ನು ಮತ್ತೆ ಮತ್ತೆ ಹಾಕಬಾರದು, ಹಾಡಿನ ಆ್ಯಪ್ ಅದನ್ನು ಯಂತ್ರ ಎಂದು ತಿಳಿದು ಎಣಿಕೆಗೆ ತೆಗೆದುಕೊಳ್ಳುವುದಿಲ್ಲ. ನಡುವೆ ಬೇರೆ ಹಾಡು ಬರಬೇಕು. ಸದ್ದು ಪೂರ್ತಿ ಅಡಗಿಸಬಾರದು. ಕೊನೆಯವರೆಗೆ ಬಿಡಬೇಕು. ನಮ್ಮದೇ ಖಾತೆಯಿಂದ, ನೆಟ್ ಮೂಲಕವೇ ನುಡಿಸಬೇಕು.

"ನಿದ್ದೆ ಮಾಡ್ಬಹುದಾ?"

"ಮಾಡ್ಬಹುದು. ಫೋನ್ ಎಚ್ಚರ ಇರ್ಬೇಕು ಅಷ್ಟೆ" ಎಂದಳು. ನಗಲಿಲ್ಲ. "ವ್ಯಾನಲ್ಲಿ ಎಲ್ಲರಿಗೂ ಹೇಳ್ತೀಯಾ? ಪ್ಲೀಸ್ ಅಮ್ಮ. ಅಷ್ಟು ಹೊತ್ತು ಸುಮ್ನೆ ಕೂತಿರ್ತೀರಲ್ಲ."

ಆಫೀಸಿನಲ್ಲಿ ಯಾವ ಮೀಟಿಂಗಿನಲ್ಲೂ ಬಾಯಿ ಬಿಡದ ನಾನು ವ್ಯಾನಿನಲ್ಲಿ ಇಂಥದ್ದನ್ನು ಕೇಳಲು ಎರಡು ದಿನ ತಿಣುಕಿದೆ. ಕೊನೆಗೆ ಕೇಳಿದ್ದು ಹೇಗೆ ಎಂದು ನೆನಪಿಲ್ಲ. ಫೋನಿನಲ್ಲಿ ಹಾಡಿನ ಒಂದು ತುಣುಕು ಕೇಳಿಸಿದಾಗ ಮುಂದಿನ ಸೀಟಿನಲ್ಲಿ ಕೂರುವ ಉಡುಪಿ ಕಡೆಯ ಅಕೌಂಟೆಂಟ್ ಕುತ್ತಿಗೆ ತಿರುಗಿಸಿದ್ದು ನೆನಪಿದೆ. ನಮ್ಮೆಲ್ಲರಿಗಿಂತ ಹಿರಿಯರು. ಎಲ್ಲದಕ್ಕೂ ಒಂದು ಕೊಂಕು ಇದ್ದೇ ಇರುತ್ತದೆ.

"ಎಂತ ಹಾಡು ಮಾರಾಯ್ರೆ ಇದು? ಐದು ಜನ ಒಟ್ಟಿಗೆ ಬೈದ ಹಾಗೆ ಉಂಟು. ಬೈಯುದು ಕೇಳ್ಲಿಕ್ಕೆ ನಾವು ಆಫೀಸಿಗೆ ಹೋಗ್ತಾ ಇದ್ದೇವಲ್ಲ, ದಾರಿಯಲ್ಲಿಯೂ ಬೇಕಾ?"

"ಒಂದು ವಾರ ಅಷ್ಟೆ ಸಾರ್. ಅವರ ಕಾಂಟ್ರಾಕ್ಟ್ ಮುಗೀತಾ ಇದೆಯಂತೆ. ಹಾಡು ಓಡದಿದ್ರೆ ರಿನ್ಯೂ ಆಗಲ್ಲವಂತೆ."

ಕಾಂಟ್ರಾಕ್ಟ್ ರಿನ್ಯೂ ಆಗುವುದನ್ನು ಕಾಯದವರು ಆ ವ್ಯಾನಿನಲ್ಲಿ ಯಾರೂ ಇಲ್ಲ. ಹಿಂದಿನ ಸೀಟಿನ ಇಬ್ಬರು ಮಲಯಾಳಿ ನರ್ಸ್‌ಗಳು ಇಯರ್‌ಫೋನ್ ತೆಗೆದರು.

"ರಿನ್ಯೂವಲ್ಲಾ?" ಎಂದರು ಅಕೌಂಟೆಂಟ್, ಧ್ವನಿ ಬೇರೆಯಾಗಿತ್ತು. "ಅವರಿಗೂ ಉಂಟಾ ಅದು? ಎಷ್ಟು ಪ್ರಾಯ ಆ ಹುಡುಗಿಯರಿಗೆ?"

"ಇಪ್ಪತ್ತೈದರ ಆಸುಪಾಸು ಇರಬಹುದು."

"ಇಪ್ಪತ್ತೈದಕ್ಕೇ ಖಲಾಸ್ ಮಾಡ್ತಾರಾ? ನಮ್ಮವರು ಅರವತ್ತರ ತನಕ ಆದ್ರೂ ಕಾಯ್ತಾರೆ." ಅವರು ಚಾಲಕನ ಕಡೆ ತಿರುಗಿದರು. "ಹಾಕು ಮಾರಾಯ, ಹಾಕು. ಪಾಪದ್ದು."

ಚಾಲಕ ಪುತ್ತೂರು ಕಡೆಯ ಬ್ಯಾರಿ. ಐವತ್ತು ದಾಟಿದವನು. ಸ್ಟೀರಿಂಗಿನ ಮೇಲೆ ಕೈ ಇಟ್ಟರೆ ಮಾತು ಕಡಿಮೆ, ಕೆಳಗಿಳಿದರೆ ಜಾಸ್ತಿ. "ಯಲ್ಲಾ, ಆಗ್ಲಿ, ಫೋನ್ ಕೊಡಿ ಮೇಡಂ" ಎಂದ. ನನ್ನ ಫೋನನ್ನು ಗಾಡಿಯ ಸ್ಪೀಕರಿಗೆ ಜೋಡಿಸಿದ. ನರ್ಸ್‌ಗಳೂ ಅಕೌಂಟೆಂಟೂ ತಂತಮ್ಮ ಫೋನಿನಲ್ಲೂ ಸಣ್ಣ ಸದ್ದಿನಲ್ಲಿ ಹಚ್ಚಿದರು. ಒಂದೇ ಹಾಡು ನಾಲ್ಕು ಕಡೆಯಿಂದ, ನಾಲ್ಕು ಬೇರೆ ಬೇರೆ ಸಾಲಿನಲ್ಲಿ. ಯಾರೂ ಅದನ್ನು ಇಷ್ಟಪಟ್ಟರೆಂದು ಹೇಳಲಾರೆ. ಬಿಸಿಲಲ್ಲಿ ನಿಂತವನಿಗೆ ಗಾಡಿಯಿಂದ ನೀರಿನ ಬಾಟಲಿ ಕೊಡುವಂತೆ ಕೊಟ್ಟರು, ಅಷ್ಟೆ. ಸಂಜೆ ಮಗಳಿಗೆ ಹೇಳಿದಾಗ ಅವಳು ಅಲ್ಲಿಯೇ ನಿಂತು ಇಬ್ಬರಿಗೂ ಮೆಸೇಜ್ ಮಾಡಿದಳು. ಮೂವರ ಆ ಗುಂಪಿನಲ್ಲಿ ನಮಗೆ ಒಂದು ಹೆಸರು ಬಿತ್ತು: ಅಬುಧಾಬಿ ಬೆಟಾಲಿಯನ್.

ಆಮೇಲಿನ ದಿನಗಳು ಒಂದರ ಮೇಲೊಂದು ಬಿದ್ದಿವೆ, ಬಿಡಿಸಲು ಬರುವುದಿಲ್ಲ. ನನ್ನ ಫೋನಿಗೆ ದಾರಿಯುದ್ದಕ್ಕೂ ಆಫೀಸಿನ ಕರೆ ಬಂದು ಹಾಡು ನಿಲ್ಲುತ್ತಿತ್ತು. ಜೆಬೆಲ್ ಅಲಿ ದಾಟಿ ಮರಳೇ ಮರಳು ಇರುವ ಕಡೆ ನೆಟ್ ತೊದಲುತ್ತಿತ್ತು. ನಿಂತಾಗಲೆಲ್ಲ ಚಾಲಕ "ಮೇಡಂ, ಹೋಯ್ತು" ಎಂದು ನನ್ನನ್ನು ಎಬ್ಬಿಸುವನು. ನಾನು ಕಣ್ಣು ಮುಚ್ಚಿಕೊಂಡೇ ಮತ್ತೆ ಒತ್ತುವೆನು. ನನಗೆ ಆ ಹೊತ್ತಿನ ನಿದ್ದೆಯೇ ದಿನದ ನಿಜವಾದ ನಿದ್ದೆ. ಮುಖ ಒಣಗಿದ್ದು ಅವನಿಗೆ ಕನ್ನಡಿಯಲ್ಲಿ ಕಂಡಿರಬೇಕು. ಒಂದು ಬೆಳಿಗ್ಗೆ ನಾನು ಫೋನ್ ಚಾಚಿದರೆ ತೆಗೆದುಕೊಳ್ಳಲಿಲ್ಲ.

"ಬೇಡ ಮೇಡಂ. ನಾನೇ ವ್ಯವಸ್ಥೆ ಮಾಡಿದ್ದೇನೆ. ನೀವು ಆರಾಮ ಮಲಗಿ. ಎಲ್ಲರೂ ಮಲಗಿ. ಇನ್ನು ಕಟ್ಟಾಗುದಿಲ್ಲ."

ಮತ್ತು ಹಾಡು ಶುರುವಾಯಿತು. ಕರೆಯಿಲ್ಲ, ತೊದಲಿಲ್ಲ. ಅವನು ತನ್ನ ಫೋನಿನಲ್ಲೇ ಖಾತೆ ತೆರೆದಿದ್ದಾನೆ ಎಂದುಕೊಂಡೆ. ಅಕೌಂಟೆಂಟ್ ತಮ್ಮ ಫೋನನ್ನು ಜೇಬಿಗೆ ಹಾಕಿಕೊಂಡರು, ನರ್ಸ್‌ಗಳೂ ನಿಲ್ಲಿಸಿದರು. ದೊಡ್ಡ ಸ್ಪೀಕರಿನಲ್ಲಿ ಬರುತ್ತಿರುವಾಗ ಸಣ್ಣ ಫೋನುಗಳೇಕೆ? ಆ ವಾರದ ಉಳಿದ ದಿನ ನಾವು ಹೋಗುವಾಗ, ಬರುವಾಗ ಐದು ಹುಡುಗಿಯರ ಧ್ವನಿಯ ಕೆಳಗೆ ಮಲಗಿದೆವು. ಹಾಡಿನ ನಡುವೆ ಒಂದು ಕಡೆ ತಾಳ ನಿಂತು ಒಬ್ಬಳು ಉಸಿರೆಳೆದುಕೊಳ್ಳುತ್ತಾಳೆ. ನಿದ್ದೆಯಲ್ಲೂ ನನಗೆ ಆ ಜಾಗ ಗೊತ್ತಾಗುತ್ತಿತ್ತು. ಸಂಜೆ ಮಗಳು "ಹಾಕಿದ್ರಾ?" ಎನ್ನುವಳು. "ಹಾಕಿದ್ವಿ" ಎನ್ನುವೆನು. "ಪೂರ್ತಿ?" "ಪೂರ್ತಿ." ಅವಳ ಮುಖ ಹಗುರಾಗುತ್ತಿದ್ದದ್ದು ನನಗೆ ಕಾಣುತ್ತಿತ್ತು.

ವಾರದ ಕೊನೆಯ ಹಿಂದಿನ ದಿನ ಅವಳಿಗೆ ಸಾಕ್ಷಿ ಬೇಕಾಯಿತು. ಯಾರು ಎಷ್ಟು ಕೇಳಿದರು ಎನ್ನುವುದನ್ನು ಪರದೆಯ ಫೋಟೊ ತೆಗೆದು ಅಕೌಂಟಿನಲ್ಲಿ ಹಾಕುವುದು ಅಭಿಮಾನಿಗಳ ರೂಢಿ. ಅದನ್ನು ನೋಡಿ ಉಳಿದವರಿಗೂ ಹುರುಪು ಬರುತ್ತದೆ. "ಬೆಟಾಲಿಯನ್‌ದು ಹಾಕೋಣ ಅಂತ ಅವರಿಬ್ಬರೂ ಕೇಳ್ತಿದಾರೆ. ಡ್ರೈವರ್ ಅಂಕಲ್ ಫೋನಿಂದ ಸ್ಕ್ರೀನ್‌ಶಾಟ್ ಬೇಕು."

ಮರುದಿನ ಅಬುಧಾಬಿಯಲ್ಲಿ ಇಳಿಯುವಾಗ ಚಾಲಕನನ್ನು ಕೇಳಿದೆ. ಹಾಡು ನುಡಿಸಿದ್ದಕ್ಕೆ ಒಂದು ಫೋಟೊ ಬೇಕಂತೆ, ಮಗಳು ಕೇಳಿದ್ದಾಳೆ ಎಂದೆ. ಅವನಿಗೆ ಬಹಳ ಖುಷಿಯಾಯಿತು. "ಈಗಲೇ ಕಳಿಸ್ತೇನೆ." ನಾನು ಆಫೀಸಿನ ಲಿಫ್ಟಿನಲ್ಲಿರುವಾಗ ಫೋನ್ ಮಿಡಿಯಿತು. ನೋಡದೆಯೇ ಮಗಳಿಗೆ ದಾಟಿಸಿದೆ. ಕುರ್ಚಿಯಲ್ಲಿ ಕೂತ ಮೇಲೆ ನೋಡಿದೆ.

ವ್ಯಾನಿನ ಡ್ಯಾಶ್‌ಬೋರ್ಡಿನ ಮೇಲೆ, ಒಂದು ಬಿಳಿ ಟಿಶ್ಯೂ ಕಾಗದವನ್ನು ಹಾಸಿ, ಅದರ ನಡುವೆ ಒಂದು ಪೆನ್ ಡ್ರೈವ್ ಇಟ್ಟಿದ್ದ. ಹಸಿರು ಬಣ್ಣದ್ದು, ಮುಚ್ಚಳ ಇಲ್ಲ. ಮದುವೆಗೆ ಹೆಣ್ಣಿನ ಫೋಟೊ ತೆಗೆದಂತೆ ಅಂದವಾಗಿ ತೆಗೆದಿದ್ದ.

ಸಂಜೆ ವ್ಯಾನ್ ಹತ್ತುವಾಗ ಕೇಳಿದೆ. ಹೌದು, ಇದರಲ್ಲೇ. ರೂಮಿನ ಗೆಳೆಯನೊಬ್ಬ ಹಾಡನ್ನು ಇಳಿಸಿ ಕೊಟ್ಟನಂತೆ. ಒಂದೇ ಹಾಡನ್ನು ಹಾಕಬಾರದು ಎಂದು ನಾನು ಹೇಳಿದ್ದು ಅವನಿಗೆ ನೆನಪಿತ್ತು. ಅದಕ್ಕೆ ನಡುವೆ ಹಳೆಯ ಹಿಂದಿ ಹಾಡುಗಳನ್ನೂ ಸೇರಿಸಿದ್ದ. ಆ ಹಿಂದಿ ಹಾಡುಗಳು ನನಗೆ ಕೇಳಿಸಿದ್ದವೇ? ಕೇಳಿಸಿದ್ದವು ಎಂದು ಈಗ ಅನ್ನಿಸುತ್ತದೆ. ಈಗ ಅನ್ನಿಸುವುದನ್ನು ಆಗಿನ ಲೆಕ್ಕಕ್ಕೆ ಹಿಡಿಯಲಾಗದು.

"ನೆಟ್ಟೇ ಬೇಡ ಮೇಡಂ. ಮರುಭೂಮಿ ಮಧ್ಯದಲ್ಲಿ ಗಾಡಿ ನಿಲ್ಸಿದ್ರೂ ಹಾಡ್ತದೆ. ನಾವು ಮೊದಲಿಂದ ಹೀಗೇ ಮಾಡುದು. ಮಗಳಿಗೆ ಖುಷಿ ಆಯ್ತಾ?"

"ಆಯ್ತು" ಎಂದೆ.

ಅಕೌಂಟೆಂಟ್ ನನ್ನ ಮುಖ ನೋಡಿದರು. ಅವರಿಗೆ ತಿಳಿಯಿತು. ಆ ಮನುಷ್ಯ ಎಂದೂ ಬಿಡದ ಕೊಂಕನ್ನು ಆ ದಿನ ಬಿಟ್ಟರು. "ಎಸಿ ಸ್ವಲ್ಪ ಜಾಸ್ತಿ ಮಾಡು ಮಾರಾಯ" ಎಂದಷ್ಟೇ ಹೇಳಿ ಮುಂದೆ ತಿರುಗಿದರು.

ಮನೆಗೆ ಹೋಗುವ ದಾರಿಯುದ್ದಕ್ಕೂ ನಾನು ಮಗಳಿಗೆ ಹೇಳಬೇಕಾದ ಮಾತನ್ನು ಜೋಡಿಸಿದೆ. ಅವನು ಬೇಕೆಂದು ಮಾಡಿದ್ದಲ್ಲ. ಅವನ ಲೋಕದಲ್ಲಿ ಹಾಡು ಎಂದರೆ ಕೈಯಲ್ಲಿ ಹಿಡಿಯುವ ವಸ್ತು. ಇದ್ದರೆ ಇದೆ, ನುಡಿದರೆ ನುಡಿಯಿತು. ನುಡಿದದ್ದನ್ನು ದೂರದಲ್ಲಿ ಯಾರೋ ಎಣಿಸಬೇಕು, ಇಲ್ಲದಿದ್ದರೆ ನುಡಿದಂತಲ್ಲ ಎಂದು ಅವನಿಗೇಕೆ ಅನ್ನಿಸಬೇಕು? ನನಗಾದರೂ ಅದು ಅನ್ನಿಸುತ್ತಿತ್ತೇ, ಮಗಳು ಕೂರಿಸಿ ಹೇಳದಿದ್ದರೆ? ಇಷ್ಟೆಲ್ಲ ಜೋಡಿಸಿಕೊಂಡು ಬಾಗಿಲು ತೆರೆದರೆ ಮಗಳು ಸೋಫಾದಲ್ಲಿ ಮಂಡಿಯ ಮೇಲೆ ಫೋನ್ ಇಟ್ಟುಕೊಂಡು ಕೂತಿದ್ದಳು.

"ಆ್ಯಮ್ ಐ ಸೀಯಿಂಗ್ ದಿಸ್ ರೈಟ್? ಇದು ಪೆನ್ ಡ್ರೈವಾ?"

"ಹೌದು."

"ಎಲ್ಲಾ ದಿನಾನೂ?"

"ಮಧ್ಯದಿಂದ."

ಅವಳು ಫೋಟೊವನ್ನು ದೊಡ್ಡದು ಮಾಡಿ ನೋಡಿದಳು. ಟಿಶ್ಯೂ ಕಾಗದವನ್ನು ನೋಡಿದಳು. ಅತ್ತರೆ ಹೇಗೆ ಎಂದು ನಾನು ಬ್ಯಾಗನ್ನೂ ಇಳಿಸದೆ ನಿಂತಿದ್ದೆ. ಅವಳು ಅದನ್ನು ಗೆಳತಿಯರಿಬ್ಬರಿಗೂ ಕಳಿಸಿದಳು. ಸ್ವಲ್ಪ ಹೊತ್ತಿಗೆ ಮೂವರಿಗೂ ನಗು ಹತ್ತಿಕೊಂಡಿತು. ಇವಳ ನಗು ನನಗೆ ಕೇಳಿಸುತ್ತಿತ್ತು, ಉಳಿದಿಬ್ಬರದು ಪರದೆಯ ಮೇಲೆ ಓಡುತ್ತಿತ್ತು. ಪೆನ್ ಡ್ರೈವಿಗೆ ಯಾರೋ ಕಿರೀಟ ಹಚ್ಚಿದರು. ಯಾರೋ ಅದಕ್ಕೆ ಕೈಕಾಲು ಬರೆದು ತಂಡದ ಆರನೆಯವಳನ್ನಾಗಿ ಮಾಡಿದರು. ಕೆನಡಾದವಳು ಅಲ್ಲಿ ತರಗತಿಯಲ್ಲಿ ಕೂತು ನಕ್ಕು ಬೈಸಿಕೊಂಡಳಂತೆ.

ನಾನು ಅನ್ನಕ್ಕೆ ಇಟ್ಟು ಬಂದು ಕೇಳಿದೆ. "ಬೇಜಾರಿಲ್ವಾ?"

"ನಿಮ್ಮ ವ್ಯಾನಿಂದ ಏನೂ ಆಗ್ತಿರ್ಲಿಲ್ಲ ಅಮ್ಮ. ಲಕ್ಷಗಟ್ಟಲೆ ಬೇಕು. ನೀವು ಐದಾರು ಜನ."

"ಮತ್ತೆ ಯಾಕೆ ದಿನಾ ಕೇಳ್ತಿದ್ದೆ?"

ಅವಳು ಏನು ಹೇಳಿದಳೋ, ನನಗೆ ಉಳಿದಿಲ್ಲ. ಇಂಥ ಕಡೆ ಒಂದು ಒಳ್ಳೆಯ ಮಾತನ್ನು ಅವಳ ಬಾಯಲ್ಲಿ ಇಡಬಹುದು, ಬರೆಯುವವರು ಇಡುತ್ತಾರೆ. ನನಗೆ ಸುಸ್ತಾಗಿತ್ತು, ನಾನು ಮುಖ ತೊಳೆಯಲು ಹೋದೆ.

ಹಾಡು ಸೋತಿತು. ಬಹಳ ಸೋತಿತು ಎಂದೇನಲ್ಲ. ಯಾರೂ ಗಮನಿಸದಂತೆ ಸೋತಿತು. ಮಗಳು ಮತ್ತೂ ಕೆಲವು ವಾರ ಅದನ್ನು ಓಡಿಸಿದಳು. ಬೇಸಿಗೆ ರಜೆ ಬಂತು. ನಾವು ಊರಿಗೆ ಹೋಗಲಿಲ್ಲ. ಹೊರಗೆ ಕಾಲಿಡಲಾಗದ ಆ ತಿಂಗಳುಗಳಲ್ಲಿ ಒಂದು ದಿನ ಕಂಪನಿಯ ಪ್ರಕಟಣೆ ಬಂತು. ಮಗಳು ಅದನ್ನು ನನಗೆ ಓದಿ ಹೇಳಿದಳು. ಸುದೀರ್ಘ ಮಾತುಕತೆಯ ನಂತರ, ಪರಸ್ಪರ ಒಪ್ಪಿಗೆಯ ಮೇರೆಗೆ, ಐವರ ಮುಂದಿನ ಹಾದಿಗೆ ಶುಭ ಹಾರೈಸುತ್ತಾ. ನನಗೆ ಆ ಭಾಷೆ ಹೊಸದಲ್ಲ. ನನ್ನ ಆಫೀಸಿನಲ್ಲಿ ಅಂಥ ಇಮೇಲುಗಳನ್ನು ಟೈಪ್ ಮಾಡುವವಳು ನಾನೇ.

ಆ ರಾತ್ರಿಯ ಮಟ್ಟಿಗೆ ಮೂವರೂ ಬಹಳ ಮಾತಾಡಿದರು. ಮರುದಿನವೂ. ಸಾವಿನ ಮನೆಯಲ್ಲಿ ನೆಂಟರು ಸೇರಿದಾಗ ಇರುವ ಗದ್ದಲ ಅದು. ಆಮೇಲೆ ಕಡಿಮೆಯಾಯಿತು. ಹಾಕಲು ಹೊಸ ಫೋಟೊ ಇಲ್ಲ, ಹೇಳಲು ಸುದ್ದಿ ಇಲ್ಲ. ಅಕೌಂಟನ್ನು ಏನು ಮಾಡುವುದು ಎಂದು ಒಂದು ವಾರ ಚರ್ಚಿಸಿ ಇಂಡೋನೇಷ್ಯಾದ ಯಾರೋ ಒಬ್ಬ ಹುಡುಗಿಗೆ ಪಾಸ್‌ವರ್ಡ್ ಕೊಟ್ಟುಬಿಟ್ಟರು. ಫ್ಲಾಟ್ ಖಾಲಿ ಮಾಡಿ ಕಾವಲುಗಾರನಿಗೆ ಕೀಲಿ ಕೊಡುವಾಗ ನಾವು ನಿಲ್ಲುತ್ತೇವಲ್ಲ, ಹಾಗೆ ಮಗಳು ಆ ದಿನ ಅಡುಗೆಮನೆಯ ಬಾಗಿಲಲ್ಲಿ ಬಂದು ಸುಮ್ಮನೆ ನಿಂತಳು.

"ಕೆನಡಾದವಳು ಮೂರು ದಿನದಿಂದ ರಿಪ್ಲೈ ಮಾಡಿಲ್ಲ."

"ಬ್ಯುಸಿ ಇರ್ಬೇಕು."

"ಬ್ಯುಸಿ ಏನಿಲ್ಲ. ಏನು ಹೇಳ್ಬೇಕು ಗೊತ್ತಿಲ್ಲ ಅವಳಿಗೆ. ನಂಗೂ ಗೊತ್ತಿಲ್ಲ." ಮೇಜಿನ ಮೇಲಿದ್ದ ಈರುಳ್ಳಿಯನ್ನು ಉರುಳಿಸಿದಳು. "ಅಮ್ಮ, ನೀನು ವ್ಯಾನಿನವರ ಹತ್ರ ಏನು ಮಾತಾಡ್ತೀಯ?"

"ಏನೂ ಇಲ್ಲ."

"ಅಷ್ಟು ವರ್ಷದಿಂದ?"

"ಅಷ್ಟು ವರ್ಷದಿಂದ."

ಅವಳಿಗೆ ಇದರಿಂದ ಏನಾದರೂ ದಕ್ಕಿತೋ ಇಲ್ಲವೋ. ಇದಕ್ಕೂ ಮುಂದೆ ಆದದ್ದಕ್ಕೂ ನಂಟು ಕಟ್ಟಲು ನನಗೆ ಇಷ್ಟವಿಲ್ಲ. ಕೆನಡಾದವಳು ನಿಧಾನವಾಗಿ ಹೋಗಿಯೇಬಿಟ್ಟಳು. ಹುಟ್ಟುಹಬ್ಬಕ್ಕೆ ಒಂದು ಕೇಕಿನ ಚಿತ್ರ ಕಳಿಸುತ್ತಾಳೆ. ಮೈಸೂರಿನವಳ ಜೊತೆ ಒಂದು ಶನಿವಾರ ಮಗಳು ಕರೆ ಮಾಡಿ ಕೂತದ್ದನ್ನು ನಾನು ನೋಡಿದೆ. ಇಲ್ಲಿ ಇಂಟರ್ನೆಟ್ ಕರೆಗಳು ಎಲ್ಲ ಆ್ಯಪಿನಲ್ಲೂ ನಡೆಯುವುದಿಲ್ಲ. ನಡೆಯುವ ಒಂದನ್ನು ಹುಡುಕಿ, ಅದನ್ನು ಆ ಹುಡುಗಿಯ ಕೈಲೂ ಹಾಕಿಸಿದ್ದಳು. ಫೋನನ್ನು ನೀರಿನ ಜಗ್ಗಿಗೆ ಒರಗಿಸಿ ಸ್ಪೀಕರ್ ಹಾಕಿ ಇವಳು ಗಣಿತ ಬಿಡಿಸುತ್ತಿದ್ದಳು. ಆ ಕಡೆಯವಳೂ ಏನೋ ಬರೆಯುತ್ತಿದ್ದಳು. ಪರದೆಯಲ್ಲಿ ಕಾಣುತ್ತಿದ್ದದ್ದು ಒಂದು ಬೈತಲೆ ಮಾತ್ರ. ಇಬ್ಬರೂ ಮಾತಾಡುತ್ತಿರಲಿಲ್ಲ. ಜಗಳವೇ ಎಂದು ನಾನು ಸನ್ನೆಯಲ್ಲಿ ಕೇಳಿದೆ. ಮಗಳು ಇಲ್ಲವೆಂದು ತಲೆ ಆಡಿಸಿ ಮತ್ತೆ ಬರೆಯತೊಡಗಿದಳು.

ನಾನು ಕುರ್ಚಿ ಎಳೆದುಕೊಂಡು ಬಟ್ಟೆ ಮಡಚುತ್ತಾ ಕೂತೆ. ಫೋನಿನಿಂದ ಫ್ಯಾನಿನ ಕಿರುಗುಟ್ಟುವಿಕೆ ಬರುತ್ತಿತ್ತು. ಮೈಸೂರಿನ ರಸ್ತೆಯಲ್ಲಿ ಯಾರೋ ಸೊಪ್ಪು ಮಾರಿಕೊಂಡು ಹೋದರು. ಎಷ್ಟೋ ಹೊತ್ತಾದ ಮೇಲೆ ಕುಕ್ಕರ್ ಒಂದು ಜೋರು ಸೀಟಿ ಹಾಕಿತು.

ಮಗಳು ಪುಸ್ತಕದಿಂದ ತಲೆಯೆತ್ತದೆ, "ಅಮ್ಮಾ, ಕುಕ್ಕರ್ ನೋಡು" ಎಂದಳು.

ನಮ್ಮ ಒಲೆಯ ಮೇಲೆ ಏನೂ ಇರಲಿಲ್ಲ. ನಾನು ಎದ್ದು ಹೋಗಿ ನೋಡಿ ಬಂದೆ.